ಬ್ಯಾಚುಲರ್ ಅಜ್ಜ

“ಮೊಮ್ಮಗಳಿರುವ ನಾನು ಬ್ಯಾಚುಲರಾ? ಎಂತ ಮಾರಾಯ ನೀನು ಹೇಳುವುದು!”

ಈ ಕೊಲ್ಲಿ ದೇಶದ ಫಹಾಹೀಲ್ ಕಡೆಯ ಕಡಲತೀರದ ಪಾರ್ಕಿನ ಗೇಟಿನಲ್ಲಿ, ಹೆಂಡತಿ ಮಕ್ಕಳೊಂದಿಗೆ ಬಂದಿದ್ದ ನನ್ನ ಮುಂದೆ ನಿಂತಿದ್ದ ಹಿರಿಯರು ಕಾವಲುಗಾರನ ಮೇಲೆ ರೇಗುತ್ತಿದ್ದರು. ಅವನಿಗೆ ಕನ್ನಡ ಬಾರದು. ಅದು ಅವನ ಪುಣ್ಯ. ಶುಕ್ರವಾರ ಅಲ್ಲಿ ಫ್ಯಾಮಿಲಿಗಳಿಗೆ ಮಾತ್ರ ಪ್ರವೇಶ. ಇಲ್ಲಿನ ಘನ ವ್ಯಾಕರಣದ ಪ್ರಕಾರ, ಹೆಂಡತಿಯನ್ನು ಊರಿನಲ್ಲಿ ಬಿಟ್ಟು ದುಡಿಯಲು ಬಂದ ಗಂಡಸು ಬ್ಯಾಚುಲರ್. ವಯಸ್ಸು ಅರವತ್ತಾದರೂ ಅವನ ಮದುವೆ ಗೇಟಿನ ಬಳಿ ರದ್ದು.

ಅವರು ದೂರದ ವಫ್ರಾದ ತೋಟದ ಕೆಲಸದವರು. ಜಾಯಂಟ್ ವೀಲ್ ಮೇಲಿಂದ ಸಮುದ್ರ ತೋರಿಸುತ್ತೇನೆಂದು ಊರಿನಲ್ಲಿರುವ ಮೊಮ್ಮಗಳಿಗೆ ಮಾತು ಕೊಟ್ಟು, ತರಕಾರಿ ವ್ಯಾನು ಹತ್ತಿ ಬಂದಿದ್ದರು. ಫೋನಿನ ವಿಡಿಯೋ ಕಾಲಿನಲ್ಲಿ ಮಗು ಆಗಲೇ ಕಾಯುತ್ತಿತ್ತು.

“ಇವರು ನಮ್ಮ ಮಾವ” ಎಂದು ನಾನು ಹಿಂದಿಯಲ್ಲಿ ಸುಳ್ಳು ಹೇಳಿದೆ. ಕಾವಲುಗಾರ ಅವರ ಸಿವಿಲ್ ಐಡಿ ಕಾರ್ಡು ಕೈಗೆ ತೆಗೆದುಕೊಂಡು, ನನ್ನ ಹೆಂಡತಿಯತ್ತ ತಿರುಗಿದ. “ಮೇಡಂ, ನಿಮ್ಮ ತಂದೆಯ ಹೆಸರು?”

ಅವಳು ತನ್ನ ತಂದೆಯ ನಿಜವಾದ ಹೆಸರನ್ನೇ ಹೇಳಿಬಿಟ್ಟಳು! ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳಿಗೆ ಸುಳ್ಳು ಕಲಿಸದಿದ್ದುದು ನನ್ನದೇ ತಪ್ಪು.

“ಖಲಾಸ್, ಚಾಚಾ” ಎಂದು ಅವನು ಹೆಸರು ತಾಳೆಯಾಗದ ಕಾರ್ಡನ್ನು ಹಿರಿಯರಿಗೆ ಹಿಂದಿರುಗಿಸಿದ. ಮಕ್ಕಳು ನನ್ನ ಕೈ ಎಳೆದರು. ನಾವು ಒಳಗೆ ಹೋದೆವು. ಚಕ್ರ ಮೇಲೇರಿದಾಗ, ಗೇಟಿನಾಚೆ ಅವರು ಫೋನನ್ನು ನಮ್ಮತ್ತ ಎತ್ತಿ ಹಿಡಿದು ನಿಂತಿದ್ದರು.

ಆ ನಿಯಮ ಬರೆದವರ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಟಿಕೆಟ್ ಹರಿದೆಸೆಯದೆ ಒಳಗೆ ನಡೆದ ನನ್ನ ಮೇಲಿನ ಸಿಟ್ಟು ಅದಕ್ಕಿಂತ ಹೆಚ್ಚು. ಸಮುದ್ರ ನೋಡಬೇಕಿದ್ದ ಮಗುವಿಗೆ ಆ ದಿನ ಕಂಡದ್ದು, ಮೇಲೆ ಕುಳಿತಿದ್ದ ನಾನು.