ಉಪವಾಸಕ್ಕೆ ಮುಂಚಿನ ಮಂಗಳವಾರ

ಟೀಚರ್ ಅವರ ಬೆರಳುಗಳಿಗೆ ಬೆಣ್ಣೆ ಮೆತ್ತಿರುತ್ತಿತ್ತು ಎಂಬುದನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಗಂಟು ಊದಿ, ತೆಗೆಯಲು ಬಾರದಂತಾಗಿದ್ದ ಉಂಗುರ ಮಾತ್ರ ನಿಜ. ಅಬುಧಾಬಿಯ ಖಾಲಿದಿಯಾದಲ್ಲಿ ನಮ್ಮ ಎದುರು ಬಾಗಿಲಿನವರು. ಮಂಗಳೂರಿನ ಕ್ರಿಶ್ಚಿಯನ್ನರು, ಶಾಲೆಯಲ್ಲಿ ಇಂಗ್ಲಿಷ್ ಟೀಚರ್.

ನಲವತ್ತು ದಿನದ ಉಪವಾಸಕಾಲ ‘ಲೆಂಟ್’ ಶುರುವಾಗುವ ಬೂದಿ ಬುಧವಾರದ ಹಿಂದಿನ ದಿನ, ಮನೆಯಲ್ಲಿದ್ದ ಮೊಟ್ಟೆ ಬೆಣ್ಣೆಯನ್ನೆಲ್ಲ ಮುಗಿಸಿ ಸಿಹಿದೋಸೆ ಹುಯ್ಯುತ್ತಿದ್ದರು. ಆ ದಿನಕ್ಕೆ ಇಂಗ್ಲಿಷಿನಲ್ಲಿ ‘ಶ್ರೋವ್’ ಮಂಗಳವಾರ ಎಂದು ಹೆಸರು.

“ತಿನ್ನುವುದಕ್ಕಿಟ್ಟ ಹೆಸರಲ್ಲ ಮಾರಾಯಾ. ಹಳೇ ಇಂಗ್ಲಿಷಲ್ಲಿ ಪಾದ್ರಿ ಪಾಪ ಕೇಳಿ, ಪ್ರಾಯಶ್ಚಿತ್ತ ಕೊಟ್ಟು ಕ್ಷಮಿಸುವುದಕ್ಕೆ ‘ಶ್ರೈವ್’ ಅಂತಿದ್ರು. ಆ ಪದ ಸತ್ತಿತು, ಮಂಗಳವಾರ ಉಳೀತು.”

“ಲೆಂಟ್ ಅನ್ನೋ ಪದದ ಅರ್ಥ ಉಪವಾಸವಾ?”

“ಅಲ್ಲ, ವಸಂತ. ಹಗಲು ಉದ್ದ ಆಗುವ ಕಾಲ. ಅಲ್ಲಿ ಚಳಿದೇಶದವರಿಗೆ ಖುಷಿ, ನಮಗಿಲ್ಲಿ ಎ.ಸಿ. ಬಿಲ್ಲು!”

ಮೊದಲ ದೋಸೆಗಳು ಡಬ್ಬಿಗೆ ಸೇರುತ್ತಿದ್ದವು. ನನ್ನ ಕೆಲಸ ಬರ್ ದುಬೈನಲ್ಲಿತ್ತು. ಅಲ್ಲೇ ಇದ್ದ ಅವರ ತಂಗಿಗೆ ನಾನು ತಲುಪಿಸಬೇಕು. ಅಕ್ಕತಂಗಿಯರಿಗೆ ಮಾತಿರಲಿಲ್ಲ. ತಂಗಿ ಡಬ್ಬಿ ಒಳಗೊಯ್ದು, ತೊಳೆದು, ಬರಿದಾಗಿಯೇ ಕೊಡುತ್ತಿದ್ದರು. ಊರಿನ ಕಡೆ ಯಾರೂ ಹಾಗೆ ಕೊಡುವುದಿಲ್ಲ, ಚಿಟಿಕೆ ಸಕ್ಕರೆಯಾದರೂ ಹಾಕುತ್ತಾರೆ. ಟೀಚರ್ ಮುಚ್ಚಳ ತೆಗೆದು ನೋಡಿ, ಮುಚ್ಚುತ್ತಿದ್ದರು.

“ಇಗರ್ಜಿಯಲ್ಲಿ ಪಾಪನಿವೇದನೆ ಮಾಡ್ಕೊಂಡಿಲ್ವಾ ಟೀಚರ್?” ಎಂದು ಒಮ್ಮೆ ಕೇಳಿದೆ.

“ಆಯ್ತು. ದೇವರು ಕ್ಷಮಿಸಿ ಬಿಟ್ಟ. ಅವಳು ಬಿಡಬೇಕಲ್ಲ.”

ಕೊನೆಯ ವರ್ಷ ಆ ಮಂಗಳವಾರ ಅವರು ಆಸ್ಪತ್ರೆಯಲ್ಲಿದ್ದರು. “ಈ ಸಲ ಬರೀ ಕೈಯಲ್ಲಿ ಹೋಗು. ಕರೀ ಅವಳನ್ನು,” ಎಂದರು.

ತಂಗಿ ಬಾಗಿಲು ತೆರೆದು ನನ್ನ ಕೈ ನೋಡಿದರು. “ಎಂತ, ಈ ಸಲ ಕಳಿಸ್ಲಿಲ್ವಾ?” ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ನಾನು ವಿಷಯ ಹೇಳಿದೆ. ಬಾಗಿಲು ಮುಚ್ಚಿತು. ನಾನು ಲಿಫ್ಟಿನ ಬಳಿ ಹೋಗುವಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದರು.

ಅಬುಧಾಬಿಯವರೆಗೆ ಕಾರಿನಲ್ಲಿ ಒಂದೇ ಪ್ರಶ್ನೆ: “ನನ್ನ ವಿಷಯ ನಿನಗೆಂತ ಹೇಳಿದ್ದಾಳೆ?”

“ಏನೂ ಇಲ್ಲ.”

“ಹೇಳ್ಬೇಕಿತ್ತು.”

ಆಸ್ಪತ್ರೆಯಲ್ಲಿ ನಾನು ಹೊರಗೇ ನಿಂತೆ. ಬಾಗಿಲಾಚೆ ಕೊಂಕಣಿಯಲ್ಲಿ ಒಂದೇ ದನಿ, ಬಹಳ ಹೊತ್ತು. ನನಗೆ ಕೊಂಕಣಿ ಬಾರದು. ಹೊರಬಂದ ತಂಗಿಯ ಮುಖದಲ್ಲಿ ಅತ್ತ ಗುರುತನ್ನು ಹುಡುಕಿದೆ. ಕಂಡೆನೆಂದು ಕೆಲವು ವರ್ಷ ಎಲ್ಲರಿಗೂ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಮರುದಿನ ಬೆಳಿಗ್ಗೆ ಟೀಚರ್ ತೀರಿಹೋದರು.

ಅಕ್ಕತಂಗಿಯರ ದನಿ ಒಂದೇ ತರ. ಆ ಹೊತ್ತು ಬಾಗಿಲಾಚೆ ಮಾತಾಡುತ್ತಿದ್ದವರು ಯಾರೆಂದು ನನಗೆ ಗೊತ್ತಿಲ್ಲ.