ನಿದ್ದೆ ಮಾಡಿ ಪಾಸಾದವಳು

"ಎದ್ದು ಕೂರಕ್ಕೇ ಆಗ್ದೋಳು ಡಿಗ್ರಿ ಮುಗ್ಸಾಳಾ? ಆಗದ ಮಾತು ಬುಡು" ಅಂದವರು ನಮ್ಮ ದೊಡ್ಡಪ್ಪ. ಬೇಗೂರಿನ ನಮ್ಮ ಮನೆ ಜಗಲಿಯ ಮೇಲೆ ಕೂತು, ಒಳಗೆ ಮಲಗಿದ್ದ ನನಗೆ ಕೇಳಲಿ ಎಂದೇ ಅಂದರು. ಕೇಳಿಸಿತು.

ಶುರುವಾದದ್ದು ಪಾದದಲ್ಲಿ. ಆಗ ನಾನು ಫೈನಲ್ ಇಯರ್ ಬಿ.ಎ. ಗುಂಡ್ಲುಪೇಟೆಯ ಕಾಲೇಜಿಗೆ ಹೊರಟವಳಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗಲಿಲ್ಲ. ಮರುದಿನ ಮೊಣಕಾಲು ಹೋಯಿತು. ಆಮೇಲೆ ಕೈ. ಮೈಸೂರಿನ ಆಸ್ಪತ್ರೆಯ ಐಸಿಯುವಿನಲ್ಲಿ ಡಾಕ್ಟರು ಹೆಸರು ಹೇಳಿದರು: ಜಿಬಿಎಸ್. ನಮ್ಮ ದೇಹವೇ ನಮ್ಮ ನರಗಳ ಮೇಲೆ ಬೀಳುವ ಕಾಯಿಲೆಯಂತೆ.

ಮನೆಗೆ ಬಂದೆ. ವಾಕರ್ ಹಿಡಿದು ನಡೆಯುವಷ್ಟಾದೆ. ಸುಸ್ತು ಮಾತ್ರ ಬಿಡಲಿಲ್ಲ. ಒಂದು ಪುಟ ಓದಿದರೆ ಮೂಟೆ ಹೊತ್ತಂತೆ. ರಾತ್ರಿ ಕಾಲುರಿ, ನಿದ್ದೆಯಿಲ್ಲ. ಹಗಲು ಕಣ್ಣು ಹತ್ತಿದರೆ ನೋಡಲು ಬಂದವರು. ನಮ್ಮ ಕಡೆ ಕಾಯಿಲೆಯವರನ್ನು ಮಾತಾಡಿಸದೆ ಹೋದರೆ ಬಂದವರಿಗೂ ಸಮಾಧಾನವಿಲ್ಲ, ಮನೆಯವರಿಗೂ ಮರ್ಯಾದೆಯಿಲ್ಲ. ಅವ್ವ ಭುಜ ಅಲುಗಾಡಿಸುತ್ತಿದ್ದಳು. "ಏಳಮ್ಮಿ, ಹರವೆ ಅತ್ತೆ ಬಂದವ್ರೆ." ನಾನು ಎದ್ದು, ಅವರು ತಂದ ಬನ್ನು ಮೋಸಂಬಿ ಈಸಿಕೊಂಡು, ಕಾಯಿಲೆಯ ಕತೆಯನ್ನು ಮೊದಲಿನಿಂದ ಹೇಳುತ್ತಿದ್ದೆ.

ಡಾಕ್ಟರು ಆಕ್ಯುಪೇಷನಲ್ ಥೆರಪಿಗೆಂದು ಚಾಮರಾಜನಗರದ ಆಸ್ಪತ್ರೆಗೆ ಕಳಿಸಿದಾಗ, ಅದೆಂದರೆ ಕೈಗೆ ಎಕ್ಸರ್‌ಸೈಜ್ ಎಂದುಕೊಂಡಿದ್ದೆ. ಥೆರಪಿಸ್ಟ್ ಮೇಡಂ ಮೊದಲು ಕೇಳಿದ್ದು ಬೇರೆ.

"ನಿದ್ದೆ ಹೇಗಿದೆ?"

ಅಷ್ಟು ದಿನದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಅತ್ತುಬಿಟ್ಟೆ.

ದಿನದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವುದೇ ಆ ಥೆರಪಿಯಂತೆ. ಅವರು ನನ್ನ ದಿನವನ್ನೇ ಬಿಚ್ಚಿ ಮತ್ತೆ ಜೋಡಿಸಿದರು. ಬೆಳಿಗ್ಗೆ ಜಗಲಿಯ ಬೆಳಕಲ್ಲಿ ಕುರ್ಚಿ. ಹಾಸಿಗೆಯಲ್ಲಿ ಓದುವಂತಿಲ್ಲ, ಅದು ನಿದ್ದೆಗೆ ಮಾತ್ರ. ಸುಸ್ತಾಗುವ ಮೊದಲೇ ಪುಸ್ತಕ ಮುಚ್ಚಬೇಕು. ಊಟವಾದ ಮೇಲೆ ಅಲಾರಂ ಇಟ್ಟು ಸ್ವಲ್ಪ ಹೊತ್ತು ನಿದ್ದೆ, ಆಗ ಯಾರೂ ಎಬ್ಬಿಸಬಾರದು. "ವಿಶ್ರಾಂತಿನೂ ನಿನ್ನ ಕೆಲಸಾನೇ. ಮಾತ್ರೆ ತಪ್ಪಿಸ್ತೀಯಾ? ಹಾಗೇ ಇದನ್ನೂ ತಪ್ಪಿಸ್ಬೇಡ" ಎಂದರು.

ಅವ್ವ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಳು.

ಆ ವಾರವೇ ಹರವೆ ಅತ್ತೆ ಮತ್ತೆ ಬಂದರು. ಚೆಂಡುಹೂ ಬಿಡಿಸುವ ಕೂಲಿಯಿಂದ ಊಟಕ್ಕೆ ಬಂದಿದ್ದ ಅವ್ವ ಬಾಗಿಲಿಗೆ ಅಡ್ಡ ಕೂತಿದ್ದಳು.

"ಮನಿಕಂಡವ್ಳೆ ಕಣಕ್ಕ. ಏಳ್ಸಕಿಲ್ಲ."

"ಇಷ್ಟು ಬಿಸ್ಲಲ್ಲಿ ಬಂದಿವ್ನಿ. ಮೊಕ ನೋಡ್ದೆ ಎಂಗೆ ಓಗದು?"

"ಬನ್ನು ಕೊಟ್ಟು ಕೂತ್ಕೊ. ಎದ್ಮೇಲೆ ನೋಡೀಯಂತೆ ಮೊಕವ."

ಅತ್ತೆ ಬನ್ನಿನ ಸಮೇತ ಹೊರಟುಹೋದರು. ಒಳಗೆ ನನಗೆ ಎಚ್ಚರವಿತ್ತು. ನಗು ತಡೆದು, ಮಗ್ಗುಲಾಗಿ, ನಿಜವಾಗಿಯೂ ನಿದ್ದೆ ಹೋದೆ.

ಊರಲ್ಲಿ ಮಾತಾಯಿತು. ಹಗಲು ಮಲಗುವ ಹುಡುಗಿ, ದರಿದ್ರ ಎಂದರು. ಅನ್ನಲಿ. ಮಲಗಿ ಎದ್ದರೆ ಸಂಜೆ ಓದಲು ನನಗೆ ತಲೆ ಇರುತ್ತಿತ್ತು. ಪರೀಕ್ಷೆಯ ದಿನಗಳಲ್ಲಿ ಬೇಗ ಹೋಗಿ ಕಾಲೇಜಿನ ಲೇಡೀಸ್ ರೂಮಿನ ಬೆಂಚಿನ ಮೇಲೆ ಮಲಗಿದೆ. ಗೆಳತಿಯರು ಕೊನೇ ಗಳಿಗೆಯ ನೋಟ್ಸ್ ತಿರುವುವಾಗ ನಾನು ಕಣ್ಣು ಮುಚ್ಚಿದ್ದೆ. ಹೆದರಿಕೆ ಇತ್ತು. ಆದರೂ ಮಲಗಿದೆ. ಮೂರು ಗಂಟೆ ಪೆನ್ನು ಹಿಡಿಯುವ ಶಕ್ತಿ ನನ್ನ ಕೈಗೆ ಅಲ್ಲಿಂದಲೇ ಬರಬೇಕಿತ್ತು.

ಪಾಸಾದೆ.

ನಮ್ಮ ಮನೆತನದಲ್ಲಿ ಇದೇ ಮೊದಲ ಡಿಗ್ರಿ. ಸುಸ್ತು ಇನ್ನೂ ಇದೆ, ಪೂರ್ತಿ ಹೋಗದೆಯೂ ಇರಬಹುದು. ಇರಲಿ, ಅದಕ್ಕೂ ದಿನದಲ್ಲಿ ಒಂದು ಹೊತ್ತು ಬಿಟ್ಟುಕೊಟ್ಟಿದ್ದೇನೆ.

ಕಾಲೇಜಿನ ಆಫೀಸಿನಲ್ಲಿ ಸರ್ಟಿಫಿಕೇಟ್ ಕೊಟ್ಟಾಗ ಅದನ್ನು ಅವ್ವನ ಕೈಗಿಟ್ಟೆ. ಅವಳಿಗೆ ಓದಲು ಬಾರದು. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು. ಸ್ವೀಟ್ ತಗೊಂಡು ನೆಂಟರ ಮನೆಗಳಿಗೆಲ್ಲ ಹೋಗಿ ತೋರಿಸಿ ಬರೋಣವಾ ಎಂದು ಕೇಳಿದೆ.

"ಯಾರ ಮನೆಗೂ ಓಗದು ಬ್ಯಾಡ ಕಣಮ್ಮಿ," ಅಂದಳು. "ನೋಡ್ಬೇಕು ಅನ್ನೋರು ಅವ್ರೇ ಬರ್ಲಿ."