ಪರದೆ ಯಾರಿಗೆ ಬೇಕು

ಹೋದ ವರ್ಷ ನನ್ನ ಗಂಟಲು ಕೈಕೊಟ್ಟಿತು. ದೇವದುರ್ಗದ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಗದ್ದಲದ ಮೇಲೆ ಕೂಗಿ ಕೂಗಿ ಪಾಠ ಹೇಳಿದ ಗಂಟಲು ಅದು, ಕೈಕೊಡದೆ ಇನ್ನೇನು ಮಾಡೀತು. ರಾಯಚೂರಿನ ಡಾಕ್ಟರು ಒಳಗೆ ನಳಿಕೆ ಬಿಟ್ಟು ನೋಡಿ, ಶಾಲೆಯಲ್ಲಿ ಎಷ್ಟು ಬೇಕೋ ಅಷ್ಟೇ ಮಾತಾಡಿ, ಮನೆಗೆ ಹೋದಮೇಲೆ ಬಾಯಿ ಮುಚ್ಚಿಕೊಂಡಿರಿ ಎಂದರು. ನನ್ನಂಥ ಬಾಯಿಬಡುಕಿಗೆ ಹೇಳುವ ಮಾತೇ ಅದು? ಬೇರೆ ಯಾರಾದರೂ ಅಂದಿದ್ದರೆ ಜಗಳ ತೆಗೆಯುತ್ತಿದ್ದೆ. ಜಗಳಕ್ಕೂ ಧ್ವನಿ ಇರಲಿಲ್ಲ, ಸುಮ್ಮನೆ ಎದ್ದು ಬಂದೆ.

ಗಂಟಲು ನನ್ನದಾದರೂ ಪೆಟ್ಟು ಬಿದ್ದದ್ದು ಅಕ್ಕನ ಮಗಳಿಗೆ. ಅವಳಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಸಣ್ಣವಳಿದ್ದಾಗ ಅಂಧ ಮಕ್ಕಳ ಹಾಸ್ಟೆಲ್ ಶಾಲೆಯಲ್ಲಿ ಬ್ರೈಲ್ ಕಲಿತಳು, ಅಲ್ಲಿದ್ದ ಒಂದು ಹಳೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡುವುದನ್ನೂ ಕಲಿತಳು. ಹೈಸ್ಕೂಲಿಗೆ ನನ್ನ ಮನೆಗೆ ಬಂದವಳು ಈಗ ಇಲ್ಲೇ ದೇವದುರ್ಗದಲ್ಲಿ ಬಿ.ಎ. ಓದುತ್ತಿದ್ದಾಳೆ. ಕಾಲೇಜಿನ ಪುಸ್ತಕಗಳು ಬ್ರೈಲ್‌ನಲ್ಲಿ ನಮಗೆಲ್ಲೂ ಸಿಗಲಿಲ್ಲ. ಹಾಗಾಗಿ ದಿನಾ ಸಂಜೆ ಅವಳ ಪಾಠ ನಾನೇ ಓದಿ ಹೇಳುತ್ತಿದ್ದೆ. ನಾನು ಶಾಲೆಯಿಂದ ಬಂದು, ಚಹಾ ಕುಡಿದು, ಅವಳ ಕೋಣೆಯಲ್ಲಿ ಪುಸ್ತಕ ತೆರೆದರೆ ಅವಳ ಓದು ಶುರು. ನಾನು ಮುಚ್ಚಿದರೆ ಮುಗಿಯಿತು.

ಡಾಕ್ಟರು ಹೇಳಿದ್ದು ಮಾನ್ವಿಯಲ್ಲಿದ್ದ ಅಕ್ಕನಿಗೆ ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ. ಅಕ್ಕ ಫೋನ್ ಮಾಡಿದಳು. ಅವಳು ಅಲ್ಲಿನ ಅಕ್ಕಿ ಗಿರಣಿಯಲ್ಲಿ ಅಕ್ಕಿ ಹಸನು ಮಾಡುವ ಕೆಲಸಕ್ಕೆ ಹೋಗುತ್ತಾಳೆ, ಮಾತು ಯಾವಾಗಲೂ ನೇರ.

"ಓದಿ ಹೇಳೋರಿಲ್ಲ ಅಂದಮ್ಯಾಲೆ ಆಕಿ ಅಲ್ಲಿ ಕುಂತು ಏನ್ ಮಾಡ್ತಾಳ? ಈ ಪರೀಕ್ಷಿ ಮುಗೀಲಿ, ಬಂದು ಕರಕೊಂಡು ಹೋಗ್ತೀನಿ. ಓದಿದ್ದು ಸಾಕು."

ಹುಡುಗಿ ಪಕ್ಕದಲ್ಲೇ ಇದ್ದಳು. ಎಲ್ಲಾ ಕೇಳಿಸಿತ್ತು. ಅವತ್ತು ಊಟಕ್ಕೆ ಬಾ ಎಂದರೆ ಹಸಿವಿಲ್ಲ ಎಂದಳು. ಮರುದಿನ ಬೆಳಿಗ್ಗೆ ಬಂದು, ಚಿಗವ್ವ, ಲ್ಯಾಪ್‌ಟಾಪಿಗೆ ಫೈಲಿನಲ್ಲಿದ್ದ ಪಾಠ ಓದಿ ಹೇಳೋ ಸಾಫ್ಟ್‌ವೇರ್ ಹಾಕಿಸಬಹುದಂತೆ, ದುಡ್ಡಿಲ್ಲದೆ ಸಿಗುತ್ತದಂತೆ, ಹಾಸ್ಟೆಲ್ ಗೆಳತಿ ಅದರಲ್ಲೇ ಓದುತ್ತಾಳಂತೆ ಎಂದು ಒಂದೇ ಉಸಿರಿಗೆ ಹೇಳಿದಳು. ಫೋನಿನಲ್ಲಿ ಆಗುವುದಿಲ್ಲವೇ ಎಂದೆ. ಮಾತಾಡುವುದೇನೋ ಫೋನೂ ಮಾತಾಡುತ್ತದೆ, ಆದರೆ ಆ ನುಣುಪು ಗಾಜಿನ ಮೇಲೆ ಬೆರಳು ಎಲ್ಲಿ ಊರಬೇಕು, ಅದರಲ್ಲಿ ಉತ್ತರ ಬರೆದು ಅಭ್ಯಾಸ ಮಾಡುವುದು ಹೇಗೆ ಎಂದಳು. ಸರಿ, ಲ್ಯಾಪ್‌ಟಾಪು ತಗೊಳ್ಳೋಣ, ನಮ್ಮ ಅಳತೆಗೆ ಸಿಗುವಂಥದ್ದು ಎಂದೆ. ಹೇಳಿಬಿಟ್ಟೆ, ಆದರೆ ಲ್ಯಾಪ್‌ಟಾಪಿನ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಸೊನ್ನೆ.

ಗೊತ್ತಿಲ್ಲದವರು ಏನು ಮಾಡುತ್ತಾರೆ? ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರೂ ಒಂದೊಂದು ಪಂಡಿತರು. ಪರದೆ ದೊಡ್ಡದಿರಲಿ ಎಂದರು ಒಬ್ಬರು. ಪರದೆ ಹೊಳೆಯಬಾರದು, ಕಣ್ಣು ನೋಯುತ್ತದೆ ಎಂದರು ಇನ್ನೊಬ್ಬರು. ಬಣ್ಣ ಚೆನ್ನಾಗಿ ಬರುವುದು ಯಾವ ಪರದೆಯಲ್ಲಿ ಎನ್ನುವುದರ ಮೇಲೆ ಮಧ್ಯಾಹ್ನದ ಬಿಡುವೆಲ್ಲ ಹೋಯಿತು. ನಾನೂ ತಲೆಯಾಡಿಸುತ್ತಾ ಕೇಳಿಸಿಕೊಂಡು, ಮನೆಗೆ ಬಂದು ಪಿಸುಗುಡುವ ಧ್ವನಿಯಲ್ಲಿ ಹುಡುಗಿಗೆ ಒಪ್ಪಿಸುತ್ತಿದ್ದೆ. ಅವಳು ಎಲ್ಲಾ ಕೇಳಿ, "ಅದರ ಧ್ವನಿ ಹೆಂಗದ ಅಂತ ಯಾರರ ಹೇಳಿದ್ರೇನು ಚಿಗವ್ವ?" ಎಂದಳು. ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಒಂದು ಭಾನುವಾರ ಇಬ್ಬರೂ ಗಬ್ಬೂರಿನ ಮೇಲೆ ಹೋಗುವ ಬಸ್ಸು ಹಿಡಿದು ರಾಯಚೂರಿಗೆ ಹೋದೆವು. ಮೊದಲು ಹೊಕ್ಕದ್ದು ಒಂದು ದೊಡ್ಡ ಅಂಗಡಿ. ಹೊಸ ಮಾಲು, ತಣ್ಣನೆ ಗಾಳಿ, ಟೈ ಕಟ್ಟಿದ ಹುಡುಗ. ಅವನು ಒಂದೊಂದು ಲ್ಯಾಪ್‌ಟಾಪನ್ನೂ ನನ್ನ ಕಡೆ ತಿರುಗಿಸಿ ಸಮುದ್ರ, ಗಿಳಿ, ಹೂವು ತೋರಿಸಿದ. ಬೆಲೆ ಕೇಳಿದರೆ ಎಲ್ಲವೂ ನಮ್ಮ ಅಳತೆ ಮೀರಿದ್ದು. ಕೊನೆಗೆ ಹುಡುಗಿಯ ಕೈಯಲ್ಲಿದ್ದ ಬಿಳಿ ಕೋಲು ಅವನ ಕಣ್ಣಿಗೆ ಬಿತ್ತು. ಇವರಿಗೆ ಲ್ಯಾಪ್‌ಟಾಪು ಏನಕ್ಕೆ ಮೇಡಂ ಎಂದು ನನ್ನನ್ನು ಕೇಳಿದ. ಅವಳನ್ನಲ್ಲ, ನನ್ನನ್ನು. ನನ್ನ ಪಿತ್ತ ನೆತ್ತಿಗೇರಿತು. ಡಾಕ್ಟರ ಮಾತು ಮರೆತು ಅವನಿಗೆ ನಾಲ್ಕು ಮಾತು ಝಾಡಿಸಿದೆ. ಆಮೇಲೆ ಅರ್ಧ ತಾಸು ಗಂಟಲು ಉರಿಯಿತು. ಉರಿದರೂ ಸಮಾಧಾನವಿತ್ತು.

ಅಲ್ಲಿಂದ ತೀನ್ ಕಂದೀಲ್ ವೃತ್ತದ ಹತ್ತಿರದ ಒಂದು ಓಣಿಗೆ ಬಂದೆವು. ಹೈದರಾಬಾದಿನ ಆಫೀಸುಗಳಲ್ಲಿ ಬಳಸಿ ಬಿಟ್ಟ ಲ್ಯಾಪ್‌ಟಾಪುಗಳನ್ನು ತಂದು, ದುರಸ್ತಿ ಮಾಡಿ ಮಾರುವ ಅಂಗಡಿ ಅಲ್ಲಿತ್ತು. ಅಂಗಡಿಯ ಯಜಮಾನರು ಒಳಗೆ ಯಾರ ಜೊತೆಗೋ ದಖ್ಖನಿ ಉರ್ದುವಿನಲ್ಲಿ ಗದರಾಡುತ್ತಿದ್ದರು. ನಮ್ಮನ್ನು ಕಂಡಕೂಡಲೇ ಧ್ವನಿ ಇಳಿಸಿ, ಬರ್ರಿ ಮೇಡಂ, ಕೂಡ್ರಿ ಎಂದು ಎರಡು ಸ್ಟೂಲು ಎಳೆದರು. ಅವರೂ ಮೊದಲು ಮಾಡಿದ್ದು ಅದೇ ಕೆಲಸ, ಪರದೆ ನನ್ನ ಕಡೆ ತಿರುಗಿಸಿದ್ದು. ನಾನು ಮಾಡಿದ್ದೂ ಅದೇ, ಬಗ್ಗಿ ಬಗ್ಗಿ ಬಣ್ಣ ನೋಡಿದ್ದು.

"ನಾ ಮುಟ್ಟಿ ನೋಡ್ಲೇನ್ರಿ?" ಎಂದಳು ಹುಡುಗಿ.

ಮುಟ್ಟಮ್ಮ ಎಂದರು ಯಜಮಾನರು. ಟೇಬಲ್ಲಿನ ಮೇಲೆ ಸಾಲಾಗಿ ತೆರೆದಿಟ್ಟಿದ್ದ ಲ್ಯಾಪ್‌ಟಾಪುಗಳ ಮೇಲೆ ಅವಳ ಬೆರಳು ಓಡತೊಡಗಿದವು. ಪ್ರತಿಯೊಂದರ ಮುಂದೆ ಕೂತು ಒಂದೇ ಸಾಲನ್ನು ಟೈಪ್ ಮಾಡಿದಳು. ಇದರ ಗುಂಡಿಗಳು ತೀರಾ ಚಪ್ಪಟೆ ಎಂದಳು. ಇದರಲ್ಲಿ ಒಂದು ಗುಂಡಿ ಅಲುಗಾಡುತ್ತದೆ. ಇನ್ನೊಂದರಲ್ಲಿ ಬೆರಳಿಗೆ ದಾರಿ ತೋರಿಸುವ ಸಣ್ಣ ಉಬ್ಬು ಸವೆದುಹೋಗಿದೆ. ಅಂಗಡಿಯವರು ಮಾತು ನಿಲ್ಲಿಸಿ ನೋಡುತ್ತಿದ್ದರು. ಅವಳು ಟೇಬಲ್ಲಿನ ತುದಿಗೆ ಹೋದಾಗ, ಪಕ್ಕದ ಹಲಗೆಯ ಮೇಲೆ ಬಟ್ಟೆ ಮುಚ್ಚಿಟ್ಟಿದ್ದ ಇನ್ನೊಂದಕ್ಕೆ ಕೈ ತಗುಲಿತು. ಬಟ್ಟೆ ಸರಿಸಿ ಗುಂಡಿಗಳನ್ನು ಒತ್ತಿ ನೋಡಿದಳು. ಅದೇ ಸಾಲು. ಮತ್ತೆ ಇನ್ನೊಮ್ಮೆ. ಅವಳ ಮುಖ ಅರಳಿತು.

"ಇದು," ಎಂದಳು.

"ಅದು ಬ್ಯಾಡ ಬೇಟಾ," ಎಂದರು ಅವರು. "ಅದರ ಸ್ಕ್ರೀನ್ ಒಡದದ. ಬಿಚ್ಚಿ ಸಾಮಾನು ತಗೀಲಿಕ್ಕೆ ಇಟ್ಟೀನಿ."

"ಒಡದಿದ್ರ ನನಗೇನ್ರಿ?"

ಹೇಳಿ ಅವಳೇ ನಕ್ಕಳು. ಅಂಗಡಿಯವರೂ ಹಣೆ ಬಡಿದುಕೊಂಡು ನಕ್ಕರು. ನಗದವಳು ನಾನೊಬ್ಬಳೇ. ಅದನ್ನು ಬಗ್ಗಿ ನೋಡಿದೆ. ಪರದೆಯ ಒಂದು ಮೂಲೆಯಿಂದ ಸೀಳು ಹರಿದು ಉಳಿದದ್ದೆಲ್ಲ ಕಪ್ಪು. ಇಂಥ ಮುರುಕಲನ್ನು ಮನೆಗೆ ಒಯ್ಯಬೇಕೇ? ಕಣ್ಣಿಲ್ಲದ ಹುಡುಗಿ ಎಂದು ಒಡೆದದ್ದು ಕೊಡಿಸಿದಳು ಎಂದು ನಾಳೆ ಮಂದಿ ಆಡಿಕೊಳ್ಳುವುದಿಲ್ಲವೇ? ಮಾನ್ವಿಯಲ್ಲಿ ಅಕ್ಕನ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ಆಮೇಲೆ ಬರುತ್ತೇವೆ ಎಂದು ಹೇಳಿ ಅವಳ ಕೈ ಹಿಡಿದು ಹೊರಗೆ ಬಂದೆ.

ಎದುರಿಗೇ ಕಬ್ಬಿನ ಹಾಲಿನ ಗಾಡಿ ಇತ್ತು. ಎರಡು ಲೋಟ ಹೇಳಿದೆ. ಅವಳು ಲೋಟ ಮುಟ್ಟದೆ ಕೂತಳು. ನಿನಗೆ ಒಡೆದದ್ದು ಕೊಡಿಸಲು ನನ್ನ ಮನಸ್ಸು ಒಪ್ಪುವುದಿಲ್ಲ ಎಂದೆ. ಅವಳು ನನ್ನ ಧ್ವನಿ ಬಂದ ಕಡೆ ಮುಖ ತಿರುಗಿಸಿದಳು.

"ಆ ಪರದಿ ಯಾರಿಗೆ ಬೇಕಾಗ್ಯದ ಚಿಗವ್ವ? ನನಗೋ, ನೋಡೋರಿಗೋ?"

ಉತ್ತರ ನನಗೆ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಸಿಟ್ಟನ್ನು ಕಬ್ಬಿನ ಹಾಲಿನ ಜೊತೆ ನುಂಗಿದೆ. ಒಂದು ತಿಂಗಳು ಇಡೀ ಸ್ಟಾಫ್ ರೂಮು ಸೇರಿ ಆರಿಸಿದ್ದು ಕಣ್ಣು ಕಾಣುವ ನಮಗೆ ಬೇಕಾದ ಒಂದು ಲ್ಯಾಪ್‌ಟಾಪು. ಅವಳಿಗೆ ಬೇಕಾದದ್ದನ್ನು ಅವಳು ಒಂದು ತಾಸಿನಲ್ಲಿ ಬೆರಳಿಂದ ಆರಿಸಿದ್ದಳು. ಅದು ನಮ್ಮ ಕೈಗೆಟುಕುವುದೂ ಆಗಿತ್ತು, ಉಳಿದವು ಆಗಿರಲಿಲ್ಲ. ಆ ಮಾತನ್ನು ಅವಳು ಬಾಯಿಬಿಟ್ಟು ಆಡಲಿಲ್ಲ. ಆಡದೆ ಇದ್ದದ್ದು ಅವಳ ದೊಡ್ಡತನ. ಎದ್ದು ಮತ್ತೆ ಓಣಿಗೆ ನಡೆದೆವು.

ಯಜಮಾನರು ನಾವು ಬರುತ್ತೇವೆ ಎಂದೇ ಅದನ್ನು ಒರೆಸಿ ಟೇಬಲ್ಲಿನ ಮೇಲೆ ಇಟ್ಟಿದ್ದರು. ವೈರು ಸಿಕ್ಕಿಸಿ ಅದನ್ನು ಅಂಗಡಿಯ ಹಳೆಯ ಮಾನಿಟರಿಗೆ ಜೋಡಿಸಿದರು, ಗೆಳತಿ ಹೇಳಿದ್ದ ಸಾಫ್ಟ್‌ವೇರು ಇಳಿಸಿದರು, ಕನ್ನಡ ಓದುವಂತೆ ಮಾಡಿದರು. ಸ್ಕ್ರೀನೊಂದು ಬಿಟ್ಟು ಬಾಕಿ ಏನು ಕೆಟ್ಟರೂ ಆರು ತಿಂಗಳು ತಮ್ಮದೇ ಜವಾಬ್ದಾರಿ ಎಂದರು. ಒಂದು ಗುಂಡಿ ಒತ್ತಿದರು. ಮೂಗಿನಿಂದ ಮಾತಾಡುವ ಒಬ್ಬ ಗಂಡಸು ಒಳಗಿನಿಂದ ಕನ್ನಡ ಓದತೊಡಗಿದ, ಎಲ್ಲಿಯೂ ಉಸಿರು ತಗೊಳ್ಳದೆ. ನನಗೆ ಒಂದು ಅಕ್ಷರ ತಲೆಗೆ ಹೋಗಲಿಲ್ಲ. ಹುಡುಗಿ ಇನ್ನೂ ಜೋರು ಓಡಿಸ್ರಿ ಎಂದಳು. ಓಡಿಸಿದರು. ಅವಳು ಕಿವಿ ಕೊಟ್ಟು ಕೂತಳು, ತುಟಿ ಅಲುಗುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ತೆರೆದು ಇಯರ್‌ಫೋನ್ ಹಾಕಿಕೊಂಡಳು. ಗಬ್ಬೂರಿನಲ್ಲಿ ಹತ್ತಿದ ಒಬ್ಬ ಮುದುಕಿ ಪಕ್ಕದಲ್ಲಿ ಕೂತು ಬಹಳ ಹೊತ್ತು ಆ ಕಪ್ಪು ಪರದೆ ನೋಡಿ, ಕರೆಂಟು ಹೋಗಿದೆಯಲ್ಲ ತಾಯಿ, ಮನೆಗೆ ಹೋಗಿ ನೋಡು ಎಂದಳು. ನಾನು ಕಿಟಕಿಯ ಕಡೆ ತಿರುಗಿ ನಕ್ಕೆ. ಆ ದಿನ ಮೊದಲ ಸಲ ನಕ್ಕದ್ದು ಅಲ್ಲೇ.

ಎಲ್ಲಾ ಸರಾಗವೇನೂ ಆಗಲಿಲ್ಲ. ಕಾಲೇಜಿನಿಂದ ಬಂದ ಇತಿಹಾಸದ ನೋಟ್ಸನ್ನು ಹಾಕಿದರೆ ಆ ಗಂಡಸು ಹುಚ್ಚು ಹಿಡಿದವನಂತೆ ಏನೇನೋ ಒದರಿದ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಅವನಿಗೆ ಓದಲು ಬರುವುದಿಲ್ಲವಂತೆ. ಮೊದಲಾಗಿದ್ದರೆ ನಾನು ಹೋಗಿ ಉಪನ್ಯಾಸಕರನ್ನು ಕಾಣುತ್ತಿದ್ದೆ. ಈ ಸಲ ಅವಳೇ ಫೋನ್ ಮಾಡಿ ಹೀಗೀಗೆ ಸರ್ ಎಂದು ಹೇಳಿದಳು, ಅವರು ಬೇರೆ ಫಾಂಟಿನಲ್ಲಿ ಕಳಿಸಿದರು. ಸಂಜೆ ನಾನು ಚಹಾ ಕುಡಿದು ಬರಿಗೈಯಲ್ಲಿ ಕೂತಿರುತ್ತಿದ್ದೆ. ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಗಂಟಲು ಮಾತ್ರ ದಿನದಿನಕ್ಕೆ ಹಗುರಾಯಿತು.

ಪರೀಕ್ಷೆ ಮುಗಿದ ವಾರ ಅಕ್ಕ ಬಂದಳು. ಲ್ಯಾಪ್‌ಟಾಪಿನ ವಿಷಯ ಫೋನಿನಲ್ಲಿ ಹೇಳಿದ್ದೆ. ಅವಳಿಗೆ ನಂಬಿಕೆ ಇರಲಿಲ್ಲ. ಮಗಳ ಬಟ್ಟೆ ತುಂಬಿಕೊಂಡು ಹೋಗಲು ದೊಡ್ಡದೊಂದು ಖಾಲಿ ಚೀಲ ತಂದಿದ್ದಳು. ಚಪ್ಪಲಿ ಬಿಟ್ಟವಳೇ ಮಗಳ ಕೋಣೆಗೆ ಹೋದಳು. ನಾನೂ ಹಿಂದೆ ಹೋದೆ. ಹುಡುಗಿ ಒಡೆದ ಪರದೆಯ ಮುಂದೆ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು. ನಮ್ಮ ಕಾಲಿನ ಸಪ್ಪಳವೂ ಅವಳಿಗೆ ಕೇಳಿಸಲಿಲ್ಲ. ಅಕ್ಕ ಭುಜ ಮುಟ್ಟಿದಾಗ ಬೆಚ್ಚಿ ಇಯರ್‌ಫೋನ್ ತೆಗೆದಳು. ಏನು ಓದುತ್ತಿದ್ದೀ ಎಂದು ಅಕ್ಕ ಕೇಳಿದಳು. ಪರೀಕ್ಷೆ ಮುಗಿಯಿತಲ್ಲ, ಗೆಳತಿ ಒಂದು ಕಾದಂಬರಿ ಕಳಿಸಿದ್ದಾಳೆ ಎಂದಳು ಹುಡುಗಿ. ಏನಿದೆ ಅದರಲ್ಲಿ ಅಷ್ಟು ನಗುವಂಥದ್ದು, ನಮಗೂ ಹೇಳು ಎಂದಳು ಅಕ್ಕ.

ಹುಡುಗಿಯ ಮುಖ ಕೆಂಪಗಾಯಿತು.

"ಬ್ಯಾಡ ಯವ್ವಾ. ಇದು ನಾ ಒಬ್ಬಾಕೀನೇ ಓದೂದು."

ಅಕ್ಕ ಅಡುಗೆಮನೆಗೆ ಬಂದು ನೀರು ಕುಡಿದು, ನನ್ನ ಪಕ್ಕ ನೆಲದ ಮೇಲೆ ಕೂತಳು. ಬೈಗುಳ ಬರುತ್ತದೆ ಎಂದು ನಾನು ಮೈ ಬಿಗಿ ಹಿಡಿದು ಕಾದೆ. ವಾದಕ್ಕೆ ಮಾತುಗಳನ್ನೂ ಜೋಡಿಸಿಟ್ಟುಕೊಂಡಿದ್ದೆ.

"ಹುಟ್ಟಿದಾಗಿಂದ ಆಕಿ ಬಟ್ಟಿ-ಅರಿವಿ, ಊಟ, ಓದು ಎಲ್ಲಾ ನಮ್ಮ ಕೈಯಾಗಿಂದನ ಹೋಗ್ಯಾವ," ಎಂದಳು. "ಇವತ್ತ ನನಗ ಹೇಳಲಾರದ್ದೊಂದು ಇಟಗೊಂಡಾಳ."

ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನೋಡಿದರೆ ನಗುತ್ತಿದ್ದಳು.

"ದೊಡ್ಡಾಕಿ ಆಗ್ಯಾಳ. ಇಲ್ಲೇ ಇರಲಿ ಬಿಡು."

ಜೋಡಿಸಿಟ್ಟ ನನ್ನ ವಾದವೆಲ್ಲ ದಂಡವಾಯಿತು. ಅಷ್ಟು ಸಂತೋಷ ನನಗೆ ಯಾವ ವಾದ ಗೆದ್ದಾಗಲೂ ಆಗಿರಲಿಲ್ಲ. ಅಕ್ಕ ಊಟ ಮಾಡಿ, ಮಗಳ ತಲೆ ಬಾಚಿ ಜಡೆ ಹಾಕಿ, ಸಂಜೆ ಹೊರಟಳು. ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಮಾನ್ವಿಯ ಬಸ್ಸು ಹತ್ತಿಸಿ ನಾನು ಮನೆಗೆ ಬಂದೆ.

ಹುಡುಗಿಯ ಕೋಣೆಯ ಬಾಗಿಲು ಹಾಕಿತ್ತು. ಆ ಬಾಗಿಲನ್ನು ನಾನು ಯಾವತ್ತೂ ತಟ್ಟಿದವಳಲ್ಲ, ನೇರ ಒಳಗೆ ಹೋಗಿ ಪುಸ್ತಕ ತೆರೆಯುವುದೇ ರೂಢಿ. ಅವತ್ತು ತಟ್ಟಿದೆ.

"ತಡಿ ಚಿಗವ್ವ," ಎಂದಳು ಒಳಗಿನಿಂದ. "ಇನ್ನ ಸ್ವಲ್ಪ ಅದ. ಓದಿ ಮುಗಸ್ತೀನಿ."

ಇಷ್ಟು ವರ್ಷ ನಾನು ಮನೆಗೆ ಬರಲಿ, ಓದಿ ಹೇಳಲಿ ಎಂದು ಕಾದವಳು ಅವಳು. ಈಗ ನಾನು ಬಾಗಿಲ ಹೊರಗೆ ನಿಂತು ಕಾದೆ.